ಐಪಿಎ ಕಹಿಯಾಯಿತೆಂದು ಕ್ರಾಫ್ಟ್ ಬಿಯರನ್ನೇ ಬಿಡಬೇಕಾ?

ಪ್ರಶ್ನೆ: ಸರ್, ನನಗೆ 31 ವರ್ಷ. ಬಳ್ಳಾರಿಯ ಕೌಲ್ ಬಜಾರಿನವನು, ತೋರಣಗಲ್ಲಿನಲ್ಲಿ ಕೆಲಸ. ತಿಂಗಳಿಗೆ ಎರಡು ಸಲ ಗೆಳೆಯರ ಜೊತೆ ಬಿಯರ್ ಕುಡಿಯುತ್ತೇನೆ, ಅದೂ ಸ್ಟ್ರಾಂಗ್ ಮಾತ್ರ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಹೋದಾಗ ಭಾವಮೈದ ಅಲ್ಲೇ ಬಿಯರ್ ತಯಾರಿಸಿ ಕೊಡುವ ಒಂದು ಮೈಕ್ರೋಬ್ರೂವರಿಗೆ ಕರೆದುಕೊಂಡು ಹೋದ. ಎಲ್ಲರೂ ಹೊಗಳುತ್ತಾರಲ್ಲ ಅಂತ ಐಪಿಎ ಅನ್ನುವ ಬಿಯರ್ ತರಿಸಿದೆ. ಕಹಿ ಅಂದ್ರೆ ಕಹಿ, ಅರ್ಧ ಗ್ಲಾಸ್ ಬಿಟ್ಟೆ. ಆದರೂ ಇನ್ನೊಂದು ಸಲ ನೋಡೋಣ ಅಂತ ಅಲ್ಲಿನ ಅಂಗಡಿಯಲ್ಲಿ ಆರು ಕ್ರಾಫ್ಟ್ ಬಿಯರ್ (ಸಣ್ಣ ತಯಾರಕರು ಮಾಡುವ ಬಿಯರ್) ಬಾಟಲ್ ತಗೊಂಡೆ. ಕಾರಿನ ಡಿಕ್ಕಿಯಲ್ಲಿ ಊರಿಗೆ ತಂದೆ. ಮನೆಯಲ್ಲಿ ಹಿರಿಯರಿದ್ದಾರೆ, ಹಾಗಾಗಿ ಹದಿನೈದು ದಿನ ಮೇಲಿನ ತಗಡಿನ ಕೋಣೆಯಲ್ಲಿ ಇಟ್ಟಿದ್ದೆ. ಆಮೇಲೆ ಕೂಲಿಂಗ್ ಮಾಡಿ ಎರಡು ಬಾಟಲ್ ತೆಗೆದರೆ ಒದ್ದೆ ರಟ್ಟಿನ ವಾಸನೆ! ನನ್ನ ನಾಲಿಗೆಯೇ ಸರಿಯಿಲ್ಲವಾ? ಇಲ್ಲ, ಜನ ಸುಮ್ನೆ ಶೋಕಿಗೆ ಕುಡಿಯುತ್ತಾರಾ? ಸಾದಾ ಬಿಯರಿನಲ್ಲಿ ಗ್ಲಿಸರಿನ್ ಇರುತ್ತೆ, ಕ್ರಾಫ್ಟ್‌ನಲ್ಲಿ ಇರಲ್ಲ ಅಂತ ಗೆಳೆಯರು ಹೇಳುತ್ತಾರೆ, ನಿಜವಾ? ಬಳ್ಳಾರಿಯಲ್ಲಿ ಇದ್ದುಕೊಂಡು ನಾನು ಎಲ್ಲಿಂದ ಶುರು ಮಾಡಲಿ? ಕಿಟ್ ತರಿಸಿ ಮನೆಯಲ್ಲೇ ಮಾಡಬಹುದಾ?

ಉತ್ತರ: ನಿಮ್ಮ ನಾಲಿಗೆ ಚೆನ್ನಾಗಿಯೇ ಇದೆ. "ಒದ್ದೆ ರಟ್ಟಿನ ವಾಸನೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು. ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಹಳಸಿದ ಬಿಯರ್ ಗುರುತಿಸಲು ಹೇಳಿಕೊಡುವಾಗ ಇದೇ ಮಾತನ್ನು ಹೇಳುತ್ತೇವೆ. ನೀವು ಯಾರೂ ಹೇಳಿಕೊಡದೆ ಹಿಡಿದಿದ್ದೀರಿ.

ನಾನು ಸಿರುಗುಪ್ಪದ ಕಡೆಯವನು. ಹದಿಮೂರು ವರ್ಷದಿಂದ ಬೆಂಗಳೂರಿನಲ್ಲಿ ಬಿಯರ್ ತಯಾರಿಸುವ ಕೆಲಸ ಮಾಡುತ್ತಿದ್ದೇನೆ. ಎರಡು ಸಲ ದುಡ್ಡು ಹಾಕಿ ಎರಡು ಸಲವೂ ಬಾಯಿ ಕೆಟ್ಟರೆ, ಇದು ನಮಗಲ್ಲ ಅನ್ನಿಸುವುದು ಸಹಜ. ಆದರೆ ಎರಡೂ ಸಲ ಕಾರಣ ಬೇರೆ. ಬೆಂಗಳೂರಿನಲ್ಲಿ ಕುಡಿದ ಬಿಯರ್ ಬಹುಶಃ ಸರಿಯಾಗಿಯೇ ಇತ್ತು. ನೀವು ಕೊನೆಗೆ ಮುಟ್ಟಬೇಕಾದದ್ದನ್ನು ಮೊದಲೇ ಮುಟ್ಟಿದಿರಿ. ಮನೆಯಲ್ಲಿ ಕುಡಿದದ್ದು ಮಾತ್ರ ಕೆಟ್ಟ ಬಿಯರ್, ಅದನ್ನು ಕೆಡಿಸಿದ್ದು ನಮ್ಮ ಬಿಸಿಲು.

ಮೊದಲು ಬಿಸಿಲಿನ ವಿಷಯ ಹೇಳುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಇದೇ ದೊಡ್ಡ ಸಮಸ್ಯೆ, ಬೆಂಗಳೂರಿನವರು ಇದರ ಬಗ್ಗೆ ಅಷ್ಟಾಗಿ ಯೋಚಿಸಲ್ಲ. ಬಾಟಲಿಗೆ ಬಿಯರ್ ತುಂಬುವಾಗ ಎಷ್ಟೇ ಜಾಗ್ರತೆ ಮಾಡಿದರೂ ಚೂರು ಗಾಳಿ ಒಳಗೆ ಸೇರುತ್ತದೆ. ಆ ಗಾಳಿಯ ಆಮ್ಲಜನಕ ನಿಧಾನವಾಗಿ ಬಿಯರನ್ನು ಹಳಸುತ್ತದೆ. ತಂಪಿನಲ್ಲಿದ್ದರೆ ನಿಧಾನ, ಬಿಸಿಯಲ್ಲಿದ್ದರೆ ಬೇಗ. ನಮ್ಮ ಕೆಲಸದಲ್ಲಿ "3, 30, 300" ಅಂತ ಒಂದು ಅಂದಾಜಿನ ಲೆಕ್ಕ ಇದೆ. ಸುಮಾರು 3 ಡಿಗ್ರಿಯ ಫ್ರಿಜ್ಜಿನಲ್ಲಿ 300 ದಿನಕ್ಕೆ ಎಷ್ಟು ಹಳಸುತ್ತದೋ, 22 ಡಿಗ್ರಿಯಲ್ಲಿ 30 ದಿನಕ್ಕೆ ಅಷ್ಟೇ ಹಳಸುತ್ತದೆ. 32 ಡಿಗ್ರಿಯಲ್ಲಾದರೆ 3 ದಿನ ಸಾಕು. ಈಗ ನಿಮ್ಮ ಬಾಟಲ್‌ಗಳ ಪ್ರಯಾಣ ನೆನಪಿಸಿಕೊಳ್ಳಿ. ಏಪ್ರಿಲ್ ತಿಂಗಳು, ಹಿರಿಯೂರು, ಚಳ್ಳಕೆರೆ ದಾರಿಯಲ್ಲಿ ಮುಚ್ಚಿದ ಡಿಕ್ಕಿ. ಊಟಕ್ಕೆ ಕಾರು ಬಿಸಿಲಲ್ಲಿ ನಿಂತಿರುತ್ತದೆ. ಆಮೇಲೆ ಹದಿನೈದು ದಿನ ತಗಡಿನ ಕೆಳಗೆ, ಹೊರಗೆ 40 ದಾಟುವ ಊರಿನಲ್ಲಿ. ಯಾವ ಬಿಯರೂ ತಡೆದುಕೊಳ್ಳಲ್ಲ. ಆಮೇಲೆ ಎಷ್ಟು ಕೂಲಿಂಗ್ ಮಾಡಿದರೂ ಪ್ರಯೋಜನವಿಲ್ಲ. ಹಳಸಿದ ಸಾರನ್ನು ಫ್ರಿಜ್ಜಿಗಿಟ್ಟರೆ ಹೊಸದಾಗುತ್ತದಾ?

ಇನ್ನೊಂದು ಶತ್ರು ಬೆಳಕು. ಬಿಯರಿಗೆ ಹಾಪ್ಸ್ ಅನ್ನುವ ಬಳ್ಳಿಯ ಹೂವು ಹಾಕುತ್ತಾರೆ. ಬಿಸಿಲು ಬಿದ್ದರೆ ಆ ಹೂವಿನ ಕಹಿ ಅಂಶ ಒಡೆದು ಗಂಧಕದ ದುರ್ನಾತ ಬರುತ್ತದೆ. ಕಂದು ಬಾಟಲ್ ಬೆಳಕನ್ನು ಚೆನ್ನಾಗಿ ತಡೆಯುತ್ತದೆ. ಹಸಿರು ಬಾಟಲ್, ಬಿಳಿ ಬಾಟಲ್ ಅಷ್ಟು ತಡೆಯಲ್ಲ. ಟಿನ್ ಪೂರ್ತಿ ತಡೆಯುತ್ತದೆ. ಬಿಸಿಲೂರಿನವರಿಗೆ ನನ್ನ ಮೊದಲ ಸಲಹೆಯೇ ಟಿನ್. ಟಿನ್‌ನಲ್ಲಿ ಕುಡಿದರೆ ಲೋಹದ ರುಚಿ ಬರುತ್ತೆ ಅನ್ನುವವರಿದ್ದಾರೆ. ಟಿನ್ ಒಳಗೆ ತೆಳುವಾದ ಲೇಪನ ಇರುತ್ತದೆ, ಬಿಯರು ಲೋಹಕ್ಕೆ ತಾಗುವುದೇ ಇಲ್ಲ. ತುಟಿಗೆ ತಾಗುವ ಅಂಚಿನ ರುಚಿ ಅದು. ಗ್ಲಾಸಿಗೆ ಬಗ್ಗಿಸಿ ಕುಡಿದರೆ ಆಯಿತು.

ಈಗ ಐಪಿಎ ಕಹಿಗೆ ಬರೋಣ. ಬಿಯರಿಗೆ ಬೇಕಾದ್ದು ನಾಲ್ಕೇ: ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು. ಮಕ್ಕಳಿಗೆ ರಾಗಿ ಮಾಲ್ಟ್ ಮಾಡಲು ರಾಗಿಯನ್ನು ಮೊಳಕೆ ಕಟ್ಟುತ್ತೇವಲ್ಲ, ಹಾಗೇ, ಇಲ್ಲಿ ಬಾರ್ಲಿ. ಮೊಳಕೆ ಬಂದ ಕಾಳಿನಿಂದ ಸಿಹಿ ಬರುತ್ತದೆ, ಹಾಪ್ಸ್‌ನಿಂದ ಕಹಿ. ಯುಗಾದಿಗೆ ನಮ್ಮ ಕಡೆ ಮಾಡುವ ಬೇವಿನ ಪಾನಕ ನೆನಪಿಸಿಕೊಳ್ಳಿ. ಬೆಲ್ಲ, ಪುಟಾಣಿ ಹಿಟ್ಟು, ಹುಣಸೆ ಹುಳಿಯ ನಡುವೆ ಬೇವಿನ ಹೂ. ಕೆಲವು ಮನೆಯಲ್ಲಿ ಹೂವು ಲೆಕ್ಕಕ್ಕೆ ಮಾತ್ರ, ಕೆಲವು ಮನೆಯಲ್ಲಿ ಹಿಡಿ ತುಂಬ. ಎಲ್ಲ ಕಡೆ ಸಿಗುವ ಸಾದಾ ಬಿಯರ್, ಅಂದರೆ ಲಾಗರ್‌ಗೂ ಐಪಿಎಗೂ ಇರುವ ವ್ಯತ್ಯಾಸ ಅಷ್ಟೇ. ಕಹಿ ಅಳೆಯಲು ಐಬಿಯು ಅನ್ನುವ ಅಳತೆ ಇದೆ, ಕೆಲವು ಮೆನುಗಳಲ್ಲಿ ಬರೆದಿರುತ್ತಾರೆ. ಸಾದಾ ಲಾಗರ್ ಸುಮಾರು 10ರಿಂದ 20. ಐಪಿಎ 40ರಿಂದ 70. ನೀವು ವರ್ಷಗಳಿಂದ ಕುಡಿದ ಸ್ಟ್ರಾಂಗ್ ಬಿಯರಿನಲ್ಲಿ ಸಿಹಿ ಮತ್ತು ಮದ್ಯದ ಘಾಟು ಜಾಸ್ತಿ, ಹಾಪ್ಸ್ ಕಡಿಮೆ. ಅಲ್ಲಿಂದ ಸೀದಾ 60ಕ್ಕೆ ಹಾರಿದರೆ ಯಾರಿಗಾದರೂ ಮುಖ ಕಿವುಚುತ್ತದೆ.

ಐಪಿಎ ಅಂದರೆ ಇಂಡಿಯಾ ಪೇಲ್ ಏಲ್. ಏಲ್ ಅನ್ನುವುದು ಬಿಯರಿನ ಒಂದು ಬಗೆ, ಪೇಲ್ ಅಂದರೆ ತಿಳಿ ಬಣ್ಣದ್ದು. ಹಡಗಿನಲ್ಲಿ ಇಂಡಿಯಾಕ್ಕೆ ಕಳಿಸಲಿಕ್ಕೆಂದೇ ಇದನ್ನು ಹೊಸದಾಗಿ ಕಂಡುಹಿಡಿದರು ಅನ್ನುವ ಕಥೆ ಎಲ್ಲ ಕಡೆ ಕೇಳುತ್ತೀರಿ. ಹಾಗಲ್ಲ. ಜಾಸ್ತಿ ಹಾಪ್ಸ್ ಹಾಕಿದರೆ ಬಿಯರ್ ಬಾಳುತ್ತದೆ ಅನ್ನುವುದು ಅದಕ್ಕೂ ಮೊದಲೇ ಗೊತ್ತಿತ್ತು. 18ನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಎಂಬಲ್ಲಿ ಜಾರ್ಜ್ ಹಾಡ್ಜ್‌ಸನ್ನನ ಬ್ರೂವರಿ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಜಾಗ ಅಲ್ಲಿಗೆ ಹತ್ತಿರ. ಇಂಗ್ಲೆಂಡಿನಲ್ಲಿ ಆಗಲೇ ಇದ್ದ ಪೇಲ್ ಏಲ್ ಹೀಗೆ ಹಡಗು ಹತ್ತಿತು. ಬಳ್ಳಾರಿ 1800ರಲ್ಲಿ ಕಂಪನಿ ಕೈಗೆ ಹೋಗಿ ದಂಡಿನ ಊರಾದ ಕಾಲವೂ ಅದೇ. ಇಂಡಿಯಾ ಪೇಲ್ ಏಲ್ ಅನ್ನುವ ಹೆಸರು ಅದಕ್ಕೆ ಅಂಟಿಕೊಂಡದ್ದು ಆಮೇಲೆ, 19ನೇ ಶತಮಾನದಲ್ಲಿ. ಆದ್ದರಿಂದ ಹೆಸರಿನಲ್ಲಿ ಇಂಡಿಯಾ ಇದೆ ಅಂತ ನಾವು ಅದನ್ನೇ ಮೊದಲು ಕುಡಿಯಬೇಕು ಅಂತೇನಿಲ್ಲ.

ಹಾಗಾದರೆ ಎಲ್ಲಿಂದ ಶುರು? ನನ್ನ ಉತ್ತರ ಯಾವಾಗಲೂ ಒಂದೇ, ಗೋಧಿ ಬಿಯರ್. ಮೆನುವಿನಲ್ಲಿ ಹೆಫೆವೈಜನ್, ವೈಸ್‌ಬಿಯರ್ ಅಥವಾ ಸುಮ್ನೆ ವೀಟ್ ಅಂತ ಇರುತ್ತದೆ. ಜರ್ಮನಿಯಲ್ಲಿ ಆ ಹೆಸರಿಡಬೇಕಾದರೆ ಕಾಳಿನಲ್ಲಿ ಕನಿಷ್ಠ ಅರ್ಧ ಗೋಧಿ ಮಾಲ್ಟ್ ಇರಬೇಕು. ಕಹಿ ತೀರಾ ಕಡಿಮೆ, ಬಾಯಿಗೆ ಮೆತ್ತಗೆ. ಮೂಗಿಗೆ ಹಿಡಿದರೆ ಮಾಗಿದ ಬಾಳೆಹಣ್ಣಿನ ಪರಿಮಳ, ಹಿಂದೆಯೇ ಲವಂಗ. ಕಮಲಾಪುರದ ಸುಗಂಧಿ ಬಾಳೆ ಗೊನೆ ಮನೆಯ ಮೂಲೆಯಲ್ಲಿ ಹಣ್ಣಾಗುವಾಗ ಬರುತ್ತದಲ್ಲ, ಅಂಥ ವಾಸನೆ. ಬಾಳೆಹಣ್ಣಿನ ಎಸೆನ್ಸ್ ಹಾಕಿದ್ದಾರಾ ಅಂತ ಎಷ್ಟೋ ಜನ ಕೇಳಿದ್ದಾರೆ. ಏನೂ ಹಾಕಿರಲ್ಲ. ಬಾಳೆಹಣ್ಣಿಗೆ ಆ ಪರಿಮಳ ಕೊಡುವ ಅಂಶವನ್ನೇ ಈ ಬಿಯರಿನ ಯೀಸ್ಟೂ ಮಾಡುತ್ತದೆ.

ಯೀಸ್ಟನ್ನು ನಾನು ಮೊಸರಿನ ಹೆಪ್ಪಿಗೆ ಹೋಲಿಸುತ್ತೇನೆ. ಒಂದೇ ಹಾಲು, ಹೆಪ್ಪು ಬೇರೆಯಾದರೆ ಮೊಸರೂ ಬೇರೆ. ಸೆಖೆಯಲ್ಲಿ ಬೇಗ ಹುಳಿಯಾಗುತ್ತದೆ. ಬಿಯರೂ ಹಾಗೇ. ಏಲ್ ಯೀಸ್ಟು 18ರಿಂದ 22 ಡಿಗ್ರಿ ಆಸುಪಾಸಿನಲ್ಲಿ ಕೆಲಸ ಮಾಡಿ ಹಣ್ಣಿನ ಪರಿಮಳ ಬಿಡುತ್ತದೆ. ಲಾಗರ್ ಯೀಸ್ಟು 10 ಡಿಗ್ರಿ ಆಸುಪಾಸಿನ ಚಳಿಯಲ್ಲಿ ನಿಧಾನವಾಗಿ ಹುದುಗಿ ಪರಿಮಳ ಬಿಡದೆ ಸ್ವಚ್ಛವಾಗಿ ಮುಗಿಸುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಕಡೆ ರಾತ್ರಿ ಚಿಲ್ಲರ್ ನಿಂತುಹೋಗಿ, ಬೆಳಿಗ್ಗೆ ಬಂದು ನೋಡಿದರೆ ಲಾಗರ್ ಟ್ಯಾಂಕ್ 22 ಡಿಗ್ರಿಗೆ ಏರಿತ್ತು. ಮುಚ್ಚಳ ತೆಗೆದ ಕೂಡಲೇ ಉಗುರಿಗೆ ಹಚ್ಚುವ ಬಣ್ಣದ ವಾಸನೆ. ಟ್ಯಾಂಕ್ ಪೂರ್ತಿ ಚೆಲ್ಲಿದೆವು. ಬಿಸಿ ಏನು ಮಾಡುತ್ತದೆ ಅನ್ನುವುದು ನನಗೆ ಆವತ್ತು ತಲೆಗೆ ಹತ್ತಿತು.

ಗೋಧಿ ಬಿಯರಿನ ಇನ್ನೊಂದು ಬಗೆ ಬೆಲ್ಜಿಯಂನ ವಿಟ್‌ಬಿಯರ್. ಇದಕ್ಕೆ ಧನಿಯಾ, ಅಂದರೆ ನಮ್ಮ ಹವೀಜ, ಮತ್ತೆ ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಹೂಗಾರ್ಡನ್ ಎಂಬ ಊರಿನಲ್ಲಿ ಈ ಬಗೆ ನಿಂತೇ ಹೋಗಿತ್ತು. ಪಿಯೆರ್ ಸೆಲಿಸ್ ಎಂಬ ಹಾಲು ಮಾರುವವರು 1966ರಲ್ಲಿ ಮತ್ತೆ ಶುರು ಮಾಡಿದರು. ನಿಂಬೆಹಣ್ಣು, ಕಿತ್ತಳೆ ಇಷ್ಟಪಡುವವರಿಗೆ ಇದು ಮೊದಲ ಗುಟುಕಿಗೇ ಹಿಡಿಸುತ್ತದೆ.

ಇವೆರಡು ಹಿಡಿಸಿದರೆ ಮುಂದಿನ ದಾರಿ ಎರಡಾಗುತ್ತದೆ. ಚಹಾ ಕುಡಿಯುವ ರೀತಿಯಲ್ಲೇ ನಿಮ್ಮ ದಾರಿ ಗೊತ್ತಾಗುತ್ತದೆ ಅನ್ನುವುದು ನನ್ನ ಅನುಭವ. ಹಗುರ, ತಿಳಿ, ಸ್ವಚ್ಛ ರುಚಿ ಬೇಕು ಅನ್ನುವವರು ಕೋಲ್ಷ್ ಎಂಬ ಹಗುರ ಜರ್ಮನ್ ಬಿಯರ್, ಆಮೇಲೆ ಪಿಲ್ಸ್‌ನರ್ ಕಡೆ ಹೋಗಲಿ. ಪಿಲ್ಸ್‌ನರ್ ಹುಟ್ಟಿದ್ದೇ ಕೆಟ್ಟ ಬಿಯರಿನ ಸಿಟ್ಟಿನಿಂದ. ಬೊಹೀಮಿಯಾದ ಪ್ಲಜೆನ್ ಊರಿನವರು 1838ರಲ್ಲಿ 36 ಪೀಪಾಯಿ ಕೆಟ್ಟ ಬಿಯರನ್ನು ಊರ ಚೌಕದಲ್ಲಿ ಚೆಲ್ಲಿ, ಹೊಸ ಬ್ರೂವರಿ ಕಟ್ಟಿಸಿ, ಯೋಸೆಫ್ ಗ್ರೋಲ್ ಎಂಬ ಬವೇರಿಯಾದ ಕೆಲಸಗಾರನನ್ನು ಕರೆಸಿದರು. 1842ರಲ್ಲಿ ಆತ ಮಾಡಿದ ಚಿನ್ನದ ಬಣ್ಣದ ಲಾಗರ್ ಇವತ್ತಿನ ಸಾದಾ ಬಿಯರುಗಳಿಗೆಲ್ಲ ಅಜ್ಜ. ಸಾದಾ ಲಾಗರಿನಲ್ಲಿ ಖರ್ಚು ಇಳಿಸಲು, ಹಗುರ ಮಾಡಲು ಬಾರ್ಲಿ ಜೊತೆ ಅಕ್ಕಿ ಅಥವಾ ಮೆಕ್ಕೆಜೋಳ ಸೇರಿಸುತ್ತಾರೆ. ಒಳ್ಳೆಯ ಪಿಲ್ಸ್‌ನರಿನಲ್ಲಿ ಪೂರ್ತಿ ಬಾರ್ಲಿ. ಗಂಗಾವತಿ, ಸಿಂಧನೂರಿನ ಕಡೆಯವರಿಗೆ ಅನ್ನದ ರುಚಿಯಲ್ಲಿ ತಳಿ ಗುರುತಿಸುವ ನಾಲಿಗೆ ಇರುತ್ತದೆ, ಈ ವ್ಯತ್ಯಾಸ ಅವರಿಗೆ ಬೇಗ ತಿಳಿಯುತ್ತದೆ.

ಗಟ್ಟಿ ಚಹಾ, ಕಾಫಿ, ಸುಟ್ಟ ಬೆಲ್ಲದ ರುಚಿ ಇಷ್ಟಪಡುವವರ ದಾರಿ ಬೇರೆ. ಆಂಬರ್ ಏಲ್, ಬ್ರೌನ್ ಏಲ್, ಕೊನೆಗೆ ಸ್ಟೌಟ್. ಸ್ಟೌಟ್ ಕಪ್ಪಗಿರುತ್ತದೆ ಅಂತ ಹೆದರಬೇಡಿ. ಬಣ್ಣ ಕಪ್ಪಾದರೆ ಕಿಕ್ ಜಾಸ್ತಿ ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಆ ಕಪ್ಪು ಬರುವುದು ಕಾಫಿ ಬೀಜದ ಹಾಗೆ ಹುರಿದ ಬಾರ್ಲಿಯಿಂದ. ಐರ್ಲೆಂಡಿನ ಗಿನ್ನಿಸ್ ಡ್ರಾಟ್ ಸ್ಟೌಟಿನಲ್ಲಿ ಮದ್ಯ 4.2 ಶೇಕಡ ಮಾತ್ರ. ನೀವು ಕುಡಿಯುವ ಹೊಂಬಣ್ಣದ ಸ್ಟ್ರಾಂಗಿನಲ್ಲಿ 8 ಶೇಕಡದವರೆಗೆ ಇರುತ್ತದೆ.

ಈ 8 ಶೇಕಡದ ಲೆಕ್ಕ ಸ್ವಲ್ಪ ನೋಡಿ. 650 ಎಂಎಲ್ ಫುಲ್ ಬಾಟಲ್ ಸ್ಟ್ರಾಂಗಿನಲ್ಲಿ ಶುದ್ಧ ಮದ್ಯ 52 ಎಂಎಲ್. 30 ಎಂಎಲ್ ಪೆಗ್ಗಿನ ವಿಸ್ಕಿಯಲ್ಲಿ ಸುಮಾರು 13 ಎಂಎಲ್. ಅಂದರೆ ಒಂದು ಬಾಟಲ್ ಸ್ಟ್ರಾಂಗ್ ನಾಲ್ಕು ಪೆಗ್ಗಿಗೆ ಸಮ. "ಬಿಯರ್ ತಾನೇ" ಅನ್ನುವವರು ಇದನ್ನು ತಿಳಿದುಕೊಂಡಿರಬೇಕು. 5 ಶೇಕಡದ ಒಂದು ಗೋಧಿ ಬಿಯರ್ ಪೈಂಟಿನಲ್ಲಿ (330 ಎಂಎಲ್) ಸುಮಾರು 16 ಎಂಎಲ್ ಮಾತ್ರ. ನೀವು ಕಿಕ್ಕಿಗೆ ಕುಡಿಯುವವರಾದರೆ ಕ್ರಾಫ್ಟ್ ಬಿಯರ್ ನಿಮಗೆ ದುಬಾರಿ ಅನ್ನಿಸುತ್ತದೆ, ಬೇಸರವೂ ಆಗುತ್ತದೆ. ರುಚಿಗೆ ಕುಡಿಯುವುದಾದರೆ ಒಂದು ಪೈಂಟ್ ಒಂದು ಗಂಟೆ ಬರುತ್ತದೆ. ಆ ಆಯ್ಕೆ ನಿಮ್ಮದು.

ಐಪಿಎ ಕಡೆಗೆ ಮತ್ತೆ ಬರುವುದಾದರೆ ನಡುವೆ ಪೇಲ್ ಏಲ್ ಒಂದು ಮೆಟ್ಟಿಲು. ಆಮೇಲೆ ಹೇಜಿ ಐಪಿಎ. ಇದು ಮಬ್ಬಾಗಿ ಹಣ್ಣಿನ ರಸದ ಹಾಗೆ ಕಾಣುತ್ತದೆ. ಹಾಪ್ಸನ್ನು ಹೆಚ್ಚು ಕುದಿಸದೆ ಕೊನೆಗೆ ಹಾಕುವುದರಿಂದ ಪರಿಮಳ ಜಾಸ್ತಿ, ಕಹಿ ಕಡಿಮೆ. ಅದಾದ ಮೇಲೂ ಐಪಿಎ ಹಿಡಿಸದಿದ್ದರೆ ಬಿಟ್ಟುಬಿಡಿ. ಇಷ್ಟು ವರ್ಷ ಈ ಕೆಲಸದಲ್ಲಿದ್ದೂ ಐಪಿಎ ಮುಟ್ಟದ ಗೆಳೆಯರು ನನಗಿದ್ದಾರೆ. ಅವರ ರುಚಿಗೆ ಒಂದು ಕೂದಲೆಳೆಯಷ್ಟೂ ಕೊರತೆಯಿಲ್ಲ.

ಬಳ್ಳಾರಿಯಲ್ಲಿ ಇದ್ದುಕೊಂಡು ಮಾಡುವುದು ಹೇಗೆ? ಮುಂದಿನ ಸಲ ಬೆಂಗಳೂರಿಗೆ ಹೋದಾಗ ದೊಡ್ಡ ಗ್ಲಾಸ್ ತರಿಸಬೇಡಿ, ಸ್ಯಾಂಪ್ಲರ್ ಕೇಳಿ. ಐದಾರು ಪುಟ್ಟ ಗ್ಲಾಸ್ ಒಂದು ಹಲಗೆಯ ಮೇಲೆ ಬರುತ್ತವೆ. ಗೋಧಿಯಿಂದ ಶುರು ಮಾಡಿ, ಕಹಿಯದನ್ನು, ಕಪ್ಪನ್ನು ಕೊನೆಗಿಡಿ. ಮೊದಲೇ ಐಪಿಎ ಕುಡಿದರೆ ಆಮೇಲೆ ಬರುವ ಬಿಯರೆಲ್ಲ ನೀರಿನ ಹಾಗೆ ಅನ್ನಿಸುತ್ತದೆ. ನಡುವೆ ನೀರು ಕುಡಿಯಿರಿ. ವಾಪಸ್ ಹೋಗುವಾಗ ಗಾಡಿ ಬೇರೆಯವರು ಓಡಿಸಲಿ. ಬಾಟಲ್ ತರುವುದಾದರೆ ಐಸ್ ತುಂಬಿದ ಪೆಟ್ಟಿಗೆಯಲ್ಲಿ, ರಾತ್ರಿ ಪ್ರಯಾಣದಲ್ಲಿ ತನ್ನಿ. ಡಿಕ್ಕಿ ಬೇಡ.

ಊರಲ್ಲೇ ಕೊಳ್ಳುವುದಾದರೆ ವೈನ್ ಶಾಪಿನಲ್ಲಿ ಗೋಧಿ ಬಿಯರಿನ ಒಂದೋ ಎರಡೋ ಬಗೆ ಸಿಗುತ್ತವೆ. ಹೆಸರಿಗಿಂತ ತಾರೀಖು ನೋಡಿ. ಲೇಬಲ್ ಮೇಲೆ ತಯಾರಾದ ತಿಂಗಳು ಇರುತ್ತದೆ. ಎರಡು ತಿಂಗಳೊಳಗಿನದು ಸಿಕ್ಕರೆ ತಗೊಳ್ಳಿ, ಐದು ತಿಂಗಳದ್ದು ಬೇಡ. ಮುಂದಿನ ಕಪಾಟಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತ ಬಾಟಲ್ ಬಿಟ್ಟು, ಫ್ರಿಜ್ಜಿನ ಒಳಗಿಂದ ಕೊಡಿ ಅನ್ನಿ. ನಮ್ಮ ಕಡೆ ಕ್ರಾಫ್ಟ್ ಬಿಯರ್ ನಿಧಾನವಾಗಿ ಖರ್ಚಾಗುತ್ತದೆ, ಗೋಡೌನಿನ ಸೆಖೆಯಲ್ಲಿ ಕೂತಿರುತ್ತದೆ. ಹಳೆಯ ಕ್ರಾಫ್ಟ್ ಬಿಯರಿಗಿಂತ ಹೊಸ ಸಾದಾ ಲಾಗರ್ ಎಷ್ಟೋ ಮೇಲು. ಚಳಿಗಾಲದಲ್ಲಿ, ನವೆಂಬರಿನಿಂದ ಜನವರಿವರೆಗೆ, ನಮ್ಮೂರಲ್ಲಿ ಬಿಯರ್ ಕೊಳ್ಳಲು ಒಳ್ಳೆಯ ಕಾಲ.

ಕುಡಿಯುವಾಗ ಗ್ಲಾಸ್ ಬೇಕೇ ಬೇಕು. ಬಾಟಲಿಗೆ ಬಾಯಿಟ್ಟರೆ ಮೂಗಿಗೆ ಏನೂ ಸಿಗಲ್ಲ, ರುಚಿಯ ದೊಡ್ಡ ಪಾಲು ಮೂಗಿನಲ್ಲೇ ಇದೆ. ಗ್ಲಾಸನ್ನು ತಣ್ಣೀರಲ್ಲಿ ಅಲುಬಿ, ಓರೆ ಮಾಡಿ ಬಗ್ಗಿಸಿ. ಗೋಧಿ ಬಿಯರಾದರೆ ಕೊನೆಯ ಎರಡು ಬೆರಳಷ್ಟು ಬಾಟಲಿಯಲ್ಲೇ ಉಳಿಸಿ, ಗರಗರ ತಿರುಗಿಸಿ, ತಳದ ಯೀಸ್ಟ್ ಎದ್ದ ಮೇಲೆ ಮೇಲಿಂದ ಸುರಿಯಿರಿ. ತಿಳಿಯಾಗಿದ್ದ ಬಿಯರ್ ಮಬ್ಬಾಗಿ, ನೊರೆ ಕೆನೆಯ ಹಾಗೆ ಏರುತ್ತದೆ. ಐಸ್ ಹಾಕಬೇಡಿ. ಹಲ್ಲು ಜುಮ್ಮೆನ್ನುವಷ್ಟು ಚಿಲ್ಡ್ ಆದರೆ ನಾಲಿಗೆ ಮರಗಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದು ಐದು ನಿಮಿಷ ಬಿಟ್ಟರೆ ಗೋಧಿ ಬಿಯರಿಗೆ ಸರಿ. ಸ್ಟೌಟಿಗೆ ಹತ್ತು ಹದಿನೈದು ನಿಮಿಷ ಬೇಕು. ನಂಜಿಕೊಳ್ಳಲು ಮಿರ್ಚಿ, ಒಗ್ಗರಣೆ ಮಂಡಾಳು ಇದ್ದರೆ ಗೋಧಿ ಬಿಯರೇ ಜೋಡಿ. ಹಾಪ್ಸಿನ ಕಹಿ ಖಾರವನ್ನು ಇನ್ನೂ ಉರಿಸುತ್ತದೆ. ಮಿರ್ಚಿಯ ಎಣ್ಣೆ ತುಟಿಗೆ ಮೆತ್ತಿದ್ದರೆ ನೊರೆ ಕೂಡಲೇ ಕುಸಿಯುತ್ತದೆ, ಒರೆಸಿಕೊಂಡು ಕುಡಿಯಿರಿ.

ಗ್ಲಿಸರಿನ್ ಮಾತು ನಮ್ಮ ದೇಶದಲ್ಲಿ ಎಲ್ಲ ಕಡೆ ಇದೆ. ತುಂಬಿದ ಬಾಟಲನ್ನು ನೀರಿನ ಲೋಟದಲ್ಲಿ ಉಲ್ಟಾ ಹಿಡಿದರೆ ಎಣ್ಣೆಯ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ, ಅದೇ ಗ್ಲಿಸರಿನ್, ಬೆಳಿಗ್ಗೆ ತಲೆನೋವು ಬರುವುದೂ ಅದರಿಂದಲೇ ಅನ್ನುತ್ತಾರೆ. ಕಾಣುವುದು ನಿಜ, ಕಾರಣ ಬೇರೆ. ಹುದುಗದೆ ಉಳಿದ ಸಕ್ಕರೆ ಅಂಶದಿಂದ ಬಿಯರ್ ನೀರಿಗಿಂತ ಚೂರು ಭಾರ, ಆದ್ದರಿಂದ ಕೆಳಗಿಳಿಯುತ್ತದೆ. ಬೆಲ್ಲದ ಪಾನಕದ ಬಾಟಲನ್ನು ಹೀಗೇ ಹಿಡಿದು ನೋಡಿ, ಅದೇ ಎಳೆಗಳು ಕಾಣುತ್ತವೆ. ಯೀಸ್ಟ್ ತಾನೇ ಸ್ವಲ್ಪ ಗ್ಲಿಸರಿನ್ ಹುಟ್ಟಿಸುತ್ತದೆ. ಅದು ಕ್ರಾಫ್ಟ್ ಬಿಯರಿನಲ್ಲೂ ಇದೆ, ಅದರಿಂದ ತೊಂದರೆಯಿಲ್ಲ. ಬೆಳಿಗ್ಗೆ ತಲೆನೋವು ಬರುವುದು ಮುಖ್ಯವಾಗಿ ಮದ್ಯ ಜಾಸ್ತಿ ಆಗಿ, ಮೈಯಲ್ಲಿ ನೀರು ಕಡಿಮೆಯಾಗಿ. ಕ್ರಾಫ್ಟ್ ಬಿಯರ್ ಜಾಸ್ತಿ ಕುಡಿದರೂ ಅದೇ ತಲೆನೋವು.

ನೀವು ಕೇಳಿಲ್ಲ, ಆದರೂ ಬಿಸಿಲೂರಿನವರಿಗೆ ಹೇಳಲೇಬೇಕು. ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತೆ, ಮೈ ತಂಪಾಗುತ್ತೆ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ನನ್ನ ಚಿಕ್ಕಪ್ಪನೂ ನಂಬಿದ್ದರು, ನೋವು ತಡೆಯಲಾಗದೆ ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಬಿಯರ್ ಮೂತ್ರ ಹೆಚ್ಚಿಸಿ ಮೈಯ ನೀರನ್ನು ಹೊರಗೆ ಹಾಕುತ್ತದೆ, ಕಲ್ಲನ್ನು ಕರಗಿಸಲ್ಲ. ಕಲ್ಲಿದ್ದರೆ ವೈದ್ಯರ ಹತ್ತಿರ ಹೋಗಿ. ಬಿಸಿಲಲ್ಲಿ ದುಡಿದು ಬಂದ ಕೂಡಲೇ ಬೇಕಾದದ್ದು ನೀರು, ಮಜ್ಜಿಗೆ.

ಮನೆಯಲ್ಲಿ ಮಾಡುವ ಕಿಟ್ ಬೇಡ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಸ್ವಂತಕ್ಕೆ ಅಂದರೂ ಬಿಡಲ್ಲ. ಅದಿಲ್ಲದಿದ್ದರೂ 40 ಡಿಗ್ರಿಯ ಊರಲ್ಲಿ ಚಿಲ್ಲರ್ ಇಲ್ಲದೆ ಹುದುಗಿಸಿದರೆ ಆ ಉಗುರುಬಣ್ಣದ ವಾಸನೆಯೇ ಗತಿ. ಹುದುಗು ಮುಗಿಯುವ ಮೊದಲೇ ಬಾಟಲಿಗೆ ತುಂಬಿ ಬಿರಡೆ ಹಾಕಿದರೆ ಗಾಜು ಸಿಡಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಆಟದ ಮಾತಲ್ಲ.

ಇನ್ನು ನಿಮ್ಮ ಹತ್ತಿರ ಉಳಿದ ನಾಲ್ಕು ಬಾಟಲ್. ಮೂರನ್ನು ಚೆಲ್ಲಿಬಿಡಿ. ಒಂದನ್ನು ಇವತ್ತೇ ಫ್ರಿಜ್ಜಿಗಿಡಿ. ಮುಂದಿನ ಸಲ ಅದೇ ಕಂಪನಿಯ, ಅದೇ ಬಗೆಯ ಹೊಸ ತಾರೀಖಿನ ಬಾಟಲ್ ಸಿಕ್ಕಾಗ ಎರಡನ್ನೂ ಎರಡು ಗ್ಲಾಸಿಗೆ ಹಾಕಿ ಪಕ್ಕಪಕ್ಕ ಇಡಿ. ಮೊದಲು ಹಳೆಯದನ್ನು ಮೂಸಿ, ಆಮೇಲೆ ಹೊಸದನ್ನು. ಏನು ಅನ್ನಿಸಿತು ಅಂತ ನನಗೆ ಬರೆಯಿರಿ.